ಸಣ್ಣ ಉದ್ಯಮಕ್ಕೆ ಯಾವ ವರ್ಚುವಲೈಸೇಶನ್: ಡೆಸ್ಕ್‌ಟಾಪಿನದೋ, ಸರ್ವರಿನದೋ?

ಪೀಣ್ಯದಲ್ಲಿ ಹದಿನೈದು ಜನ ಕೆಲಸ ಮಾಡುವ ಬಿಡಿಭಾಗಗಳ ಕಾರ್ಖಾನೆಯೊಂದರ ಕಚೇರಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಅಕೌಂಟೆಂಟ್ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಟ್ಯಾಲಿ ಇದೆ. ಸ್ಟೋರ್ಸ್‌ನವರೂ ಬಿಲ್ಲಿಂಗ್‌ನವರೂ ನೆಟ್‌ವರ್ಕ್ ಮೂಲಕ ಅದರ ಡೇಟಾವನ್ನೇ ತೆರೆಯುತ್ತಾರೆ. ಬಯೋಮೆಟ್ರಿಕ್ ಹಾಜರಾತಿಗೆ ಇನ್ನೊಂದು ಪಿಸಿ. ಡ್ರಾಯಿಂಗ್, ಕೊಟೇಶನ್‌ಗಳೆಲ್ಲ ಮತ್ತೊಬ್ಬರ ಕಂಪ್ಯೂಟರಿನ ಶೇರ್ ಫೋಲ್ಡರಿನಲ್ಲಿ. ಮೂಲೆಯಲ್ಲಿ ವಿಂಡೋಸ್ 7ರ ಹಳೆಯ ಯಂತ್ರವೊಂದು ಇನ್ನೂ ಓಡುತ್ತಿದೆ. ಸಿಎನ್‌ಸಿ ಲೇತ್‌ಗೆ ಪ್ರೋಗ್ರಾಂ ಕಳಿಸುವ ತಂತ್ರಾಂಶ ಹೊಸ ವಿಂಡೋಸಿನಲ್ಲಿ ಕೆಲಸ ಮಾಡದ ಕಾರಣ ಅದನ್ನು ತೆಗೆಯುವಂತಿಲ್ಲ.

ಈ ನಾಲ್ಕರಲ್ಲಿ ಯಾವುದು ಕೆಟ್ಟರೂ ಒಂದು ಕೆಲಸ ನಿಂತುಹೋಗುತ್ತದೆ. ಕಂಪ್ಯೂಟರುಗಳ ವಾರ್ಷಿಕ ನಿರ್ವಹಣೆಯ ಗುತ್ತಿಗೆ ಪಡೆದ ಎಎಂಸಿಯವರು ಬಂದು ‘ಇವನ್ನೆಲ್ಲ ವರ್ಚುವಲ್ ಮಾಡಿಬಿಡೋಣ’ ಎನ್ನುತ್ತಾರೆ. ಒಬ್ಬರು ಇರುವ ಪಿಸಿಯಲ್ಲೇ ವರ್ಚುವಲ್‌ಬಾಕ್ಸ್ ಹಾಕಿದರೆ ಸಾಕು ಅಂದರೆ, ಇನ್ನೊಬ್ಬರು ಪ್ರತ್ಯೇಕ ಸರ್ವರ್ ತರಬೇಕು ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಎರಡೂ ಬೇರೆ ಬೇರೆ ಕೆಲಸಕ್ಕೆ ಹುಟ್ಟಿದ ತಂತ್ರಾಂಶಗಳು. ಯಾವುದು ಯಾವ ಕೆಲಸಕ್ಕೆ ಎಂಬುದು ಸ್ಪಷ್ಟವಾದರೆ ಮಾಲೀಕರೇ ತೀರ್ಮಾನ ತೆಗೆದುಕೊಳ್ಳಬಹುದು.

ಒಳಗೆ ನಡೆಯುವುದೇನು?

ವರ್ಚುವಲ್ ಮಷಿನ್ ಎಂದರೆ ತಂತ್ರಾಂಶದಿಂದ ಕಟ್ಟಿದ ಕಂಪ್ಯೂಟರ್. ಅದಕ್ಕೆ ತನ್ನದೇ ಪ್ರೊಸೆಸರ್, ರ‍್ಯಾಮ್, ಹಾರ್ಡ್ ಡಿಸ್ಕ್, ನೆಟ್‌ವರ್ಕ್ ಕಾರ್ಡ್ ಇವೆ ಎಂದೇ ಒಳಗಿನ ವಿಂಡೋಸ್ ಅಥವಾ ಲಿನಕ್ಸ್ ತಿಳಿಯುತ್ತದೆ. ನಿಜದಲ್ಲಿ ಅದರ ಹಾರ್ಡ್ ಡಿಸ್ಕ್ ಒಂದು ದೊಡ್ಡ ಫೈಲ್ ಅಷ್ಟೇ. ಇರುವ ಒಂದೇ ಯಂತ್ರದ ಶಕ್ತಿಯನ್ನು ಹೀಗೆ ಹಲವು ಯಂತ್ರಗಳಿಗೆ ಹಂಚಿಕೊಡುವ ತಂತ್ರಾಂಶವೇ ಹೈಪರ್‌ವೈಸರ್.

ಇದು ಹೊಸ ವಿದ್ಯೆಯೇನಲ್ಲ. ಐಬಿಎಂ ತನ್ನ ದೊಡ್ಡ ಕಂಪ್ಯೂಟರುಗಳಿಗೆ 1972ರಲ್ಲೇ ವಿಎಂ/370 ಎಂಬ ವ್ಯವಸ್ಥೆಯನ್ನು ಕೊಟ್ಟಿತ್ತು. 1999ರಲ್ಲಿ ವಿಎಂವೇರ್ ವರ್ಕ್‌ಸ್ಟೇಷನ್ ಬಂದ ಮೇಲೆ ಅದು ಮೇಜಿನ ಮೇಲಿನ ಪಿಸಿಗೂ ಇಳಿಯಿತು. 2005ರಲ್ಲಿ ಇಂಟೆಲ್, ಮರುವರ್ಷ ಎಎಂಡಿ ಇದಕ್ಕೆ ಬೇಕಾದ ನೆರವನ್ನು ಪ್ರೊಸೆಸರಿನೊಳಗೇ ಸೇರಿಸಿದವು. ನಿಮ್ಮ ಪಿಸಿಯಲ್ಲಿ ಅದು ಚಾಲೂ ಇದೆಯೇ ಎಂದು ನೋಡುವುದು ಸುಲಭ. ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ವಿಭಾಗದಲ್ಲಿ ಸಿಪಿಯು ಮೇಲೆ ಒತ್ತಿದರೆ ಕೆಳಗೆ ‘ವರ್ಚುವಲೈಸೇಶನ್: ಎನೇಬಲ್ಡ್’ ಎಂದು ಕಾಣಬೇಕು. ‘ಡಿಸೇಬಲ್ಡ್’ ಎಂದಿದ್ದರೆ ಬಯೋಸ್‌ಗೆ ಹೋಗಿ ಚಾಲೂ ಮಾಡಿಕೊಳ್ಳಬೇಕು.

ಹೈಪರ್‌ವೈಸರ್‌ನಲ್ಲಿ ಎರಡು ಬಗೆ. ಡೆಸ್ಕ್‌ಟಾಪ್ ಬಗೆಯದು ನಿಮ್ಮ ವಿಂಡೋಸಿನ ಮೇಲೆ ಉಳಿದ ತಂತ್ರಾಂಶಗಳಂತೆಯೇ ಕೂರುತ್ತದೆ. ವರ್ಚುವಲ್‌ಬಾಕ್ಸ್, ವಿಎಂವೇರ್ ವರ್ಕ್‌ಸ್ಟೇಷನ್ ಈ ಜಾತಿಯವು. ಸರ್ವರ್ ಬಗೆಯದು ನೇರವಾಗಿ ಯಂತ್ರದ ಮೇಲೆಯೇ ಕೂರುತ್ತದೆ. ಪ್ರಾಕ್ಸ್‌ಮಾಕ್ಸ್, ವಿಂಡೋಸ್ ಸರ್ವರಿನ ಹೈಪರ್-ವಿ, ವಿಎಂವೇರ್ ಇಎಸ್‌ಎಕ್ಸ್‌ಐ, ಎಕ್ಸ್‌ಸಿಪಿ-ಎನ್‌ಜಿ ಈ ಸಾಲಿಗೆ ಸೇರುತ್ತವೆ. ಮೊದಲನೆಯದು ಮಾಲೀಕರ ಮನೆಯೊಳಗಿನ ಬಾಡಿಗೆ ಕೋಣೆ ಇದ್ದಂತೆ, ಅವರು ಮುಂಬಾಗಿಲಿಗೆ ಬೀಗ ಹಾಕಿದರೆ ಬಾಡಿಗೆದಾರರೂ ಹೊರಗೇ ನಿಲ್ಲಬೇಕು. ಎರಡನೆಯದು ವಠಾರ, ಪ್ರತಿ ಮನೆಗೂ ಅದರದೇ ಬಾಗಿಲು.

ಡೆಸ್ಕ್‌ಟಾಪ್ ಬಗೆ: ಒಬ್ಬರ ಕೆಲಸಕ್ಕೆ

ಹಳೆಯ ತಂತ್ರಾಂಶ ಓಡಿಸಬೇಕು, ಹೊಸ ಆವೃತ್ತಿಯೊಂದನ್ನು ಹಾಕುವ ಮೊದಲು ಪರೀಕ್ಷಿಸಬೇಕು, ಲಿನಕ್ಸ್ ಕಲಿಯಬೇಕು ಎನ್ನುವವರಿಗೆ ಡೆಸ್ಕ್‌ಟಾಪ್ ಬಗೆಯೇ ಸರಿ. ಬೇಕಾದಾಗ ತೆರೆಯಬಹುದು, ಮುಗಿದ ಮೇಲೆ ಮುಚ್ಚಬಹುದು. ವಿಂಡೋಸಿನಿಂದ ಪಠ್ಯವನ್ನು ನಕಲಿಸಿ ಒಳಗಿನ ಯಂತ್ರಕ್ಕೆ ಅಂಟಿಸಬಹುದು. ಯುಎಸ್‌ಬಿ ಡಾಂಗಲ್ ಚುಚ್ಚಿ ‘ಇದು ಒಳಗಿನ ಯಂತ್ರಕ್ಕೆ’ ಎಂದು ಮೆನುವಿನಲ್ಲಿ ಆರಿಸಿದರೆ ಸಾಕು.

ನಮ್ಮ ಉದಾಹರಣೆಯ ಸಿಎನ್‌ಸಿ ತಂತ್ರಾಂಶಕ್ಕೆ ಹೇಳಿ ಮಾಡಿಸಿದ ದಾರಿ ಇದು. ಅದನ್ನು ಬಳಸುವವರು ಒಬ್ಬರೇ, ಅದೂ ಹಗಲಿನಲ್ಲಿ. ಹಳೆಯ ಲೇತ್‌ಗಳು ಆರ್‌ಎಸ್-232 ಕೇಬಲ್ಲಿನಲ್ಲಿ ಮಾತಾಡುತ್ತವೆ. ಹೊಸ ಪಿಸಿಗೆ ಯುಎಸ್‌ಬಿ-ಸೀರಿಯಲ್ ಪರಿವರ್ತಕ ಹಾಕಿ, ಅದನ್ನು ವರ್ಚುವಲ್ ಯಂತ್ರದ ಕಾಮ್ ಪೋರ್ಟಿಗೆ ಜೋಡಿಸಿದರೆ ಒಳಗಿನ ವಿಂಡೋಸ್ 7 ಮೊದಲಿನಂತೆ ಪ್ರೋಗ್ರಾಂ ಕಳಿಸಬಲ್ಲದು. ಎಲ್ಲ ಪರಿವರ್ತಕಗಳೂ ಎಲ್ಲ ಲೇತ್‌ಗಳಿಗೂ ಹೊಂದುವುದಿಲ್ಲ. ಹಾಗಾಗಿ ಹಳೆಯ ಪಿಸಿಯನ್ನು ಎತ್ತಿಡುವ ಮೊದಲು ಒಂದು ವಾರ ಹೊಸದರಿಂದಲೇ ಕೆಲಸ ಮಾಡಿ ನೋಡಬೇಕು. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿದೆ. ಆದ್ದರಿಂದ ಆ ವರ್ಚುವಲ್ ಯಂತ್ರಕ್ಕೆ ಇಂಟರ್ನೆಟ್ ಕೊಡಲೇಬಾರದು. ಸೆಟ್ಟಿಂಗ್ಸ್‌ನಲ್ಲಿ ಅದರ ನೆಟ್‌ವರ್ಕ್ ಕಾರ್ಡನ್ನು ತೆಗೆದುಹಾಕುವುದು ಎಲ್ಲಕ್ಕಿಂತ ಭದ್ರ.

ಬೆಲೆಯ ವಿಚಾರದಲ್ಲಿ ಇಂದಿನ ಸ್ಥಿತಿ ಚೆನ್ನಾಗಿದೆ. ವಿಎಂವೇರ್ ವರ್ಕ್‌ಸ್ಟೇಷನ್ ಪ್ರೊ 2024ರ ನವೆಂಬರಿನಿಂದ ವಾಣಿಜ್ಯ ಬಳಕೆಗೂ ಉಚಿತ. ವರ್ಚುವಲ್‌ಬಾಕ್ಸಿನ ಮೂಲ ತಂತ್ರಾಂಶ ಮುಕ್ತವಾಗಿದ್ದು ಕಚೇರಿಯಲ್ಲೂ ಧಾರಾಳವಾಗಿ ಬಳಸಬಹುದು. ಆದರೆ ಅದರ ಜೊತೆಗೆ ಸಿಗುವ ‘ಎಕ್ಸ್‌ಟೆನ್ಷನ್ ಪ್ಯಾಕ್’ ಹಾಗಲ್ಲ. ಅದು ವೈಯಕ್ತಿಕ ಬಳಕೆಗೆ, ಕಲಿಕೆಗೆ ಮಾತ್ರ ಉಚಿತ, ಉದ್ಯಮ ನಡೆಸುವವರು ಒರಾಕಲ್‌ನಿಂದ ಲೈಸೆನ್ಸ್ ಪಡೆಯಬೇಕು. ಡೌನ್‌ಲೋಡ್ ಪುಟದಲ್ಲಿ ಎರಡೂ ಹತ್ತಿರ ಹತ್ತಿರವೇ ಇರುವುದರಿಂದ ಯಾರೋ ಅವಸರದಲ್ಲಿ ಎರಡನ್ನೂ ಹಾಕಿಬಿಡುವುದುಂಟು. ನಿಮ್ಮ ಕಚೇರಿಯ ಪಿಸಿಗಳಲ್ಲಿ ಹಾಗಾಗಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ.

ವಿಂಡೋಸ್ 11 ಪ್ರೊದಲ್ಲಿ ಹೈಪರ್-ವಿ ಒಳಗೇ ಇದೆ, ಚಾಲೂ ಮಾಡಿಕೊಳ್ಳುವುದಷ್ಟೇ ಬಾಕಿ. ಹೋಮ್ ಆವೃತ್ತಿಯಲ್ಲಿ ಇಲ್ಲ. ಹೈಪರ್-ವಿಗೆ ಒಂದು ಮಿತಿಯೂ ಇದೆ: ಯುಎಸ್‌ಬಿ ಡಾಂಗಲನ್ನು ನೇರವಾಗಿ ಒಳಗಿನ ಯಂತ್ರಕ್ಕೆ ಒಪ್ಪಿಸುವ ಸೌಲಭ್ಯ ಅದರಲ್ಲಿಲ್ಲ. ಡಾಂಗಲ್ ಇಲ್ಲದೆ ಓಡದ ತಂತ್ರಾಂಶಕ್ಕೆ ಅದು ಆಗಿಬರುವುದಿಲ್ಲ. ಹೈಪರ್-ವಿ ಚಾಲೂ ಇರುವ ಪಿಸಿಯಲ್ಲೇ ವರ್ಚುವಲ್‌ಬಾಕ್ಸ್ ಹಾಕಿದರೆ ಅದು ನಿಧಾನವಾಗುತ್ತದೆ. ವರ್ಚುವಲ್‌ಬಾಕ್ಸ್ ಕಿಟಕಿಯ ಕೆಳಗಿನ ಪಟ್ಟಿಯಲ್ಲಿ ಹಸಿರು ಆಮೆಯ ಚಿತ್ರ ಕಂಡರೆ ಕಾರಣ ಇದೇ.

ಸರ್ವರ್ ಬಗೆ: ಎಲ್ಲರ ಕೆಲಸಕ್ಕೆ

ಹೀಗೆಯೇ ಅಕೌಂಟೆಂಟರ ಪಿಸಿಯಲ್ಲಿ ಟ್ಯಾಲಿಯ ಡೇಟಾ ಇರುವ ವರ್ಚುವಲ್ ಯಂತ್ರವನ್ನು ಇಟ್ಟರೆ ಏನಾಗುತ್ತದೆ? ಅಕೌಂಟೆಂಟ್ ಸಂಜೆ ಆರಕ್ಕೆ ಪಿಸಿ ಆಫ್ ಮಾಡಿ ಹೊರಡುತ್ತಾರೆ. ತಿಂಗಳ ಕೊನೆಯೆಂದು ಏಳರವರೆಗೆ ಕೂತಿದ್ದ ಬಿಲ್ಲಿಂಗ್‌ನವರ ಪರದೆಯಲ್ಲಿ ಡೇಟಾ ಸಿಗುತ್ತಿಲ್ಲ ಎಂಬ ಸೂಚನೆ ಬರುತ್ತದೆ. ಪಿಸಿಯನ್ನು ಆಫ್ ಮಾಡದೇ ಬಿಟ್ಟರೂ ವಿಂಡೋಸ್ ಅಪ್‌ಡೇಟ್ ಮುಗಿಸಿಕೊಂಡು ರಾತ್ರಿ ತಾನಾಗಿ ರೀಸ್ಟಾರ್ಟ್ ಆಗಬಹುದು. ಆಗ ಒಳಗೆ ಓಡುತ್ತಿದ್ದ ಯಂತ್ರ ಅರ್ಧದಲ್ಲೇ ನಿಲ್ಲುತ್ತದೆ. ಬರೆಯುತ್ತಿದ್ದ ಫೈಲ್ ಹಾಳಾಗುವುದು ಇಂಥ ಹೊತ್ತಿನಲ್ಲೇ. ಯಾರೋ ಇಮೇಲಿನಲ್ಲಿ ಬಂದ ಕೆಟ್ಟ ಫೈಲ್ ತೆರೆದರೆ ಆ ವೈರಸ್ಸು ಮೇಲಿನ ವಿಂಡೋಸಿಗೆ ಬಂದು, ಅಲ್ಲಿಂದ ವರ್ಚುವಲ್ ಡಿಸ್ಕಿನ ಫೈಲುಗಳನ್ನೂ ಮುಟ್ಟಬಲ್ಲದು.

ಸರ್ವರ್ ಬಗೆಯಲ್ಲಿ ಆ ಯಂತ್ರದ ಮುಂದೆ ಯಾರೂ ಕೂರುವುದಿಲ್ಲ. ಅದರಲ್ಲಿ ಇಮೇಲ್ ಇಲ್ಲ, ಬ್ರೌಸರ್ ಇಲ್ಲ. ಮಾನಿಟರನ್ನೂ ಕಿತ್ತಿಡಬಹುದು. ನೋಡಿಕೊಳ್ಳುವವರು ಬೇರೆ ಕಂಪ್ಯೂಟರಿನಿಂದಲೇ ನಿರ್ವಹಿಸುತ್ತಾರೆ. ಪ್ರಾಕ್ಸ್‌ಮಾಕ್ಸಿನಲ್ಲಾದರೆ ಬ್ರೌಸರಿನಲ್ಲಿ ಸರ್ವರಿನ ಐಪಿ ವಿಳಾಸ ಬರೆದು ಕೊನೆಗೆ 8006 ಪೋರ್ಟ್ ಸೇರಿಸಿದರೆ ನಿರ್ವಹಣೆಯ ಪುಟ ತೆರೆಯುತ್ತದೆ. ಪ್ರತಿ ವರ್ಚುವಲ್ ಯಂತ್ರಕ್ಕೂ ‘ಸ್ಟಾರ್ಟ್ ಅಟ್ ಬೂಟ್’ ಎಂಬ ಆಯ್ಕೆ ಇರುತ್ತದೆ. ಅದನ್ನು ಗುರುತು ಮಾಡಿದ್ದರೆ ಕರೆಂಟು ಹೋಗಿ ಬಂದು ಸರ್ವರ್ ಎದ್ದಾಗ ಯಂತ್ರಗಳೂ ಹೇಳಿದ ಕ್ರಮದಲ್ಲಿ ತಾವಾಗಿ ಏಳುತ್ತವೆ. ಬ್ಯಾಕಪ್ಪನ್ನು ರಾತ್ರಿ ಇಂಥ ಹೊತ್ತಿಗೆ ಎಂದು ನಿಗದಿ ಮಾಡಿ ಬಿಡಬಹುದು.

ಯಾವುದನ್ನು ಆರಿಸುವುದು? ವಿಂಡೋಸ್ ಸರ್ವರ್ ಲೈಸೆನ್ಸ್ ಹೇಗೂ ಕೊಳ್ಳುತ್ತೀರಿ, ನಿಮ್ಮ ಎಎಂಸಿಯವರಿಗೆ ವಿಂಡೋಸ್ ಚೆನ್ನಾಗಿ ಗೊತ್ತು ಎಂದಾದರೆ ಹೈಪರ್-ವಿ ಸಾಕು. ಉಚಿತವಾಗಿ ಸಿಗುತ್ತಿದ್ದ ಹೈಪರ್-ವಿ ಸರ್ವರಿನ ಕೊನೆಯ ಆವೃತ್ತಿ 2019ರದು. ಹೊಸದಾಗಿ ಶುರು ಮಾಡುವವರು ಅದರ ಮೇಲೆ ಕಟ್ಟಬಾರದು.

ಲಿನಕ್ಸ್ ಬಲ್ಲವರು ಹತ್ತಿರ ಇದ್ದರೆ ಪ್ರಾಕ್ಸ್‌ಮಾಕ್ಸ್ ಉತ್ತಮ ಆಯ್ಕೆ. ಆಸ್ಟ್ರಿಯಾದ ವಿಯೆನ್ನಾದಲ್ಲಿ ತಯಾರಾಗುವ ಇದರ ಮೊದಲ ಆವೃತ್ತಿ ಬಂದದ್ದು 2008ರಲ್ಲಿ. ಡೆಬಿಯನ್ ಲಿನಕ್ಸಿನ ಮೇಲೆ ನಿಂತಿರುವ, ಲಿನಕ್ಸ್ ಕರ್ನಲ್‌ನ ಭಾಗವೇ ಆದ ಕೆವಿಎಂ ಬಳಸುವ ಮುಕ್ತ ತಂತ್ರಾಂಶ ಇದು. ಎಲ್ಲ ಸೌಲಭ್ಯಗಳೂ ಉಚಿತ. ಕಂಪನಿಯ ಚಂದಾ ಪಡೆಯದಿದ್ದರೆ ಲಾಗಿನ್ ಆದಾಗ ಚಂದಾ ಇಲ್ಲ ಎಂಬ ಸೂಚನೆ ಕಾಣುತ್ತದೆ, ಕೆಲಸಕ್ಕೆ ಅಡ್ಡಿಯಿಲ್ಲ. ಪೂರ್ತಿ ಪರೀಕ್ಷೆಯಾದ ಅಪ್‌ಡೇಟುಗಳು ಬೇಕೆನ್ನುವವರು ಪ್ರೊಸೆಸರ್ ಸಾಕೆಟ್ ಲೆಕ್ಕದಲ್ಲಿ ವರ್ಷದ ಚಂದಾ ಕಟ್ಟಬಹುದು. ವ್ಯವಹಾರ ಇದರ ಮೇಲೆ ನಿಂತಿದ್ದರೆ ಕಟ್ಟುವುದೇ ಒಳ್ಳೆಯದು.

ವಿಎಂವೇರ್ ಬಹಳ ವರ್ಷ ಈ ಕ್ಷೇತ್ರದ ದೊಡ್ಡಣ್ಣನಾಗಿತ್ತು. 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಅದನ್ನು ಕೊಂಡ ಮೇಲೆ ಒಮ್ಮೆ ದುಡ್ಡು ಕೊಟ್ಟು ಶಾಶ್ವತವಾಗಿ ಬಳಸುವ ಲೈಸೆನ್ಸ್‌ಗಳ ಮಾರಾಟ ನಿಂತು, ಎಲ್ಲವೂ ಚಂದಾ ಆಯಿತು. ಉಚಿತ ಇಎಸ್‌ಎಕ್ಸ್‌ಐಯನ್ನು 2024ರ ಆರಂಭದಲ್ಲಿ ನಿಲ್ಲಿಸಿ, 2025ರ ಏಪ್ರಿಲಿನಲ್ಲಿ ಮತ್ತೆ ಕೊಟ್ಟರು. ತಂತ್ರಾಂಶ ಈಗಲೂ ಗಟ್ಟಿಯಾದದ್ದೇ. ಆದರೆ ಹದಿನೈದು ಜನರ ಕಚೇರಿ ಹೊಸದಾಗಿ ಅದಕ್ಕೆ ಹೋಗಲು ಕಾರಣ ಕಾಣುವುದಿಲ್ಲ.

ಒಂದೇ ಪ್ರಶ್ನೆ

ಹೆಸರುಗಳು, ಆವೃತ್ತಿಗಳು ಎಷ್ಟಾದರೂ ಇರಲಿ, ತೀರ್ಮಾನಕ್ಕೆ ಬೇಕಾದ ಪ್ರಶ್ನೆ ಒಂದೇ: ಈ ಕಂಪ್ಯೂಟರಿನ ಮುಂದೆ ಕೂರುವವರು ಅದನ್ನು ಆಫ್ ಮಾಡಿ ಮನೆಗೆ ಹೋದರೆ ಬೇರೆ ಯಾರ ಕೆಲಸವಾದರೂ ನಿಲ್ಲುತ್ತದೆಯೇ? ಇಲ್ಲ ಎಂದರೆ ಡೆಸ್ಕ್‌ಟಾಪ್ ಬಗೆ ಸಾಕು. ಹೌದು ಎಂದರೆ ಸರ್ವರ್ ಬಗೆ ಬೇಕು.

ನಮ್ಮ ಉದಾಹರಣೆಗೆ ಇದನ್ನು ಹಚ್ಚಿ ನೋಡಿ. ಸಿಎನ್‌ಸಿ ತಂತ್ರಾಂಶ ಒಬ್ಬರದು, ಅದು ಅವರ ಪಿಸಿಯಲ್ಲೇ ಇರಲಿ. ಟ್ಯಾಲಿ ಡೇಟಾ, ಹಾಜರಾತಿ, ಡ್ರಾಯಿಂಗ್‌ಗಳ ಫೋಲ್ಡರ್ ಮೂರೂ ಎಲ್ಲರವು, ಅವು ಸರ್ವರಿಗೆ ಹೋಗಲಿ. ಒಂದೇ ಕಚೇರಿಯಲ್ಲಿ ಎರಡೂ ಬಗೆ ಇರಬಹುದು, ಅದರಲ್ಲಿ ತಪ್ಪೇನಿಲ್ಲ. ಇಬ್ಬರೋ ಮೂವರೋ ಇರುವ, ಲೆಕ್ಕಪತ್ರ ಒಬ್ಬರೇ ನೋಡುವ ಅಂಗಡಿಗೆ ಸರ್ವರಿನ ಅಗತ್ಯವೇ ಇಲ್ಲ. ಆ ದುಡ್ಡನ್ನು ಒಳ್ಳೆಯ ಯುಪಿಎಸ್‌ಗೂ ಬ್ಯಾಕಪ್‌ಗೂ ಹಾಕುವುದು ಜಾಣತನ.

ಯಂತ್ರ ಎಷ್ಟು ದೊಡ್ಡದಿರಬೇಕು?

ಪ್ರೊಸೆಸರಿನ ಕೋರ್‌ಗಳನ್ನು ಯಂತ್ರಗಳು ಸರದಿಯಲ್ಲಿ ಹಂಚಿಕೊಳ್ಳಬಲ್ಲವು. ರ‍್ಯಾಮ್ ಹಾಗಲ್ಲ, ಒಬ್ಬರಿಗೆ ಕೊಟ್ಟದ್ದು ಅವರದೇ ಎಂದು ಲೆಕ್ಕ ಹಾಕಬೇಕು. ಮೂರು ಯಂತ್ರಗಳ ಲೆಕ್ಕ ಹೀಗೆ: ಟ್ಯಾಲಿ ಡೇಟಾ ಇರುವ ವಿಂಡೋಸ್ ಸರ್ವರಿಗೆ 16 ಜಿಬಿ, ಹಾಜರಾತಿಯ ವಿಂಡೋಸ್ ಸರ್ವರಿಗೆ 8 ಜಿಬಿ, ಫೈಲುಗಳ ಲಿನಕ್ಸ್ ಯಂತ್ರಕ್ಕೆ 4 ಜಿಬಿ, ಹೈಪರ್‌ವೈಸರಿಗೇ 4 ಜಿಬಿ. ಒಟ್ಟು 32. ಇದನ್ನು ನೋಡಿ 32 ಜಿಬಿಯ ಸರ್ವರ್ ಕೊಂಡರೆ ಮೊದಲ ದಿನವೇ ತುಂಬಿದ ಯಂತ್ರ ತಂದಂತೆ. 64 ಜಿಬಿ ಹಾಕಿಸಿ. ಇಷ್ಟು ಕೆಲಸಕ್ಕೆ ಎಂಟು ಕೋರ್‌ನ ಒಂದು ಪ್ರೊಸೆಸರ್ ಧಾರಾಳ. ತಪ್ಪು ತಿದ್ದಿಕೊಳ್ಳುವ ಇಸಿಸಿ ರ‍್ಯಾಮ್ ಇರುವ ಯಂತ್ರವನ್ನೇ ಕೇಳಿ.

ಡಿಸ್ಕ್ ಎರಡಿರಲಿ, ಎರಡೂ ಎಸ್‌ಎಸ್‌ಡಿ ಆಗಿರಲಿ, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಬೀಳುವ ರೇಡ್-1 ಜೋಡಣೆಯಲ್ಲಿರಲಿ. ಹಾರ್ಡ್ ಡಿಸ್ಕಿನ ಮೇಲೆ ಮೂರು ವರ್ಚುವಲ್ ಯಂತ್ರಗಳು ಒಟ್ಟಿಗೆ ಎದ್ದರೆ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಎಲ್ಲರೂ ಕಾಯುತ್ತ ಕೂರಬೇಕಾಗುತ್ತದೆ. ಯುಪಿಎಸ್ ಕೊಳ್ಳುವಾಗ ಯುಎಸ್‌ಬಿ ಕೇಬಲ್ಲಿನ ಮೂಲಕ ಸರ್ವರಿಗೆ ಸೂಚನೆ ಕೊಡುವಂಥದ್ದನ್ನು ಆರಿಸಿ. ಬ್ಯಾಟರಿ ಇಳಿಯುತ್ತಿದ್ದಂತೆ ಸರ್ವರ್ ಕ್ರಮವಾಗಿ ಮುಚ್ಚಿಕೊಳ್ಳುವಂತೆ ಹೊಂದಿಸಲು ಅದೇ ಬೇಕು.

ಲೈಸೆನ್ಸಿನ ಲೆಕ್ಕ

ಹೈಪರ್‌ವೈಸರ್ ಉಚಿತ ಎಂದ ಮಾತ್ರಕ್ಕೆ ಒಳಗೆ ಓಡುವ ವಿಂಡೋಸ್ ಉಚಿತವಾಗುವುದಿಲ್ಲ. ಬಜೆಟ್ ತಪ್ಪುವುದು ಬಹುಮಟ್ಟಿಗೆ ಇಲ್ಲೇ.

ವಿಂಡೋಸ್ ಸರ್ವರ್ ಸ್ಟ್ಯಾಂಡರ್ಡ್ ಲೈಸೆನ್ಸನ್ನು ಯಂತ್ರದ ಕೋರ್‌ಗಳ ಮೇಲೆ ಲೆಕ್ಕ ಹಾಕುತ್ತಾರೆ. ಸರ್ವರಿನಲ್ಲಿ ಎಂಟೇ ಕೋರ್ ಇದ್ದರೂ ಕನಿಷ್ಠ 16 ಕೋರ್‌ಗಳಿಗೆ ಕೊಳ್ಳಬೇಕು. ಎಲ್ಲ ಕೋರ್‌ಗಳಿಗೂ ಒಮ್ಮೆ ಲೈಸೆನ್ಸ್ ಪಡೆದರೆ ಎರಡು ವರ್ಚುವಲ್ ಯಂತ್ರಗಳಲ್ಲಿ ವಿಂಡೋಸ್ ಸರ್ವರ್ ಓಡಿಸಬಹುದು. ಮೇಲೆ ಟ್ಯಾಲಿಗೆ ಒಂದು, ಹಾಜರಾತಿಗೆ ಒಂದು ಎಂದು ಎರಡಕ್ಕೇ ನಿಲ್ಲಿಸಿ, ಫೈಲುಗಳಿಗೆ ಲಿನಕ್ಸ್ ಇಟ್ಟದ್ದು ಈ ಕಾರಣಕ್ಕೇ. ಕೆಳಗಿನ ಹೈಪರ್‌ವೈಸರ್ ಪ್ರಾಕ್ಸ್‌ಮಾಕ್ಸ್ ಆಗಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ. ಇದರ ಮೇಲೆ, ವಿಂಡೋಸ್ ಸರ್ವರನ್ನು ಬಳಸುವ ಪ್ರತಿಯೊಬ್ಬರಿಗೂ ಅಥವಾ ಪ್ರತಿ ಕಂಪ್ಯೂಟರಿಗೂ ‘ಕ್ಯಾಲ್’ ಎಂಬ ಲೈಸೆನ್ಸ್ ಬೇಕು. ರಿಮೋಟ್ ಡೆಸ್ಕ್‌ಟಾಪ್ ಮೂಲಕ ಸರ್ವರಿನಲ್ಲೇ ಕೂತು ಕೆಲಸ ಮಾಡುವವರಿಗೆ ‘ಆರ್‌ಡಿಎಸ್ ಕ್ಯಾಲ್’ ಬೇರೆ. ಕೊಟೇಶನ್ನಿನಲ್ಲಿ ಈ ಸಾಲುಗಳು ಇಲ್ಲದಿದ್ದರೆ ಏಕಿಲ್ಲ ಎಂದು ಕೇಳಿ.

ಪಿಸಿ ಕೊಂಡಾಗ ಅದರ ಜೊತೆಯಲ್ಲೇ ಬಂದ ಒಇಎಂ ವಿಂಡೋಸ್ ಆ ಯಂತ್ರಕ್ಕೇ ಅಂಟಿಕೊಂಡದ್ದು. ಮೈಕ್ರೋಸಾಫ್ಟಿನದೇ ಆದ ಡಿಸ್ಕ್2ವಿಎಚ್‌ಡಿಯಂಥ ಸಾಧನದಿಂದ ಹಳೆಯ ಪಿಸಿಯನ್ನು ಇದ್ದಂತೆಯೇ ವರ್ಚುವಲ್ ಡಿಸ್ಕಾಗಿ ಮಾಡಿಕೊಳ್ಳಬಹುದು, ಆದರೆ ಲೈಸೆನ್ಸಿನ ಹಕ್ಕು ಅದರೊಂದಿಗೆ ಬರುವುದಿಲ್ಲ. ನಿಮ್ಮಲ್ಲಿರುವುದು ಒಇಎಂ ಪ್ರತಿಯೋ ಬಿಡಿಯಾಗಿ ಕೊಂಡದ್ದೋ ಮೊದಲು ನೋಡಿಕೊಳ್ಳಿ. ಇತರ ತಂತ್ರಾಂಶಗಳೂ ಯಂತ್ರ ಬದಲಾದಾಗ ಲೈಸೆನ್ಸನ್ನು ಮತ್ತೆ ಸಕ್ರಿಯಗೊಳಿಸಲು ಕೇಳಬಹುದು. ಸ್ಥಳಾಂತರದ ದಿನ ಪರದಾಡುವ ಬದಲು ಮಾರಿದವರನ್ನು ಮುಂಚೆಯೇ ವಿಚಾರಿಸಿ.

ಸ್ನ್ಯಾಪ್‌ಶಾಟ್ ಬ್ಯಾಕಪ್ ಅಲ್ಲ

ಎರಡೂ ಬಗೆಯ ತಂತ್ರಾಂಶಗಳಲ್ಲಿ ಸ್ನ್ಯಾಪ್‌ಶಾಟ್ ಎಂಬ ಬಹಳ ಉಪಯುಕ್ತ ಸೌಲಭ್ಯವಿದೆ. ಯಂತ್ರ ಈ ಕ್ಷಣದಲ್ಲಿ ಹೇಗಿದೆಯೋ ಹಾಗೆಯೇ ಗುರುತಿಟ್ಟುಕೊಂಡು, ಬೇಕಾದಾಗ ಅಲ್ಲಿಗೆ ಮರಳಬಹುದು. ಆದರೆ ಅದು ಕೆಲಸ ಮಾಡುವ ರೀತಿಯನ್ನು ಅರಿಯದೆ ಬಳಸಿದರೆ ನಷ್ಟ ಖಂಡಿತ.

ಬೆಳಿಗ್ಗೆ ಹತ್ತಕ್ಕೆ ಸ್ನ್ಯಾಪ್‌ಶಾಟ್ ತೆಗೆದಿರಿ ಎನ್ನಿ. ಆ ಕ್ಷಣದಿಂದ ಮೂಲ ಡಿಸ್ಕ್ ಫೈಲನ್ನು ಹಾಗೇ ಬಿಟ್ಟು, ಬದಲಾವಣೆಗಳನ್ನೆಲ್ಲ ಪಕ್ಕದ ಇನ್ನೊಂದು ಫೈಲಿನಲ್ಲಿ ಬರೆಯುವುದು ಸಾಮಾನ್ಯ ವಿಧಾನ. ಮಧ್ಯಾಹ್ನ ನಾಲ್ಕಕ್ಕೆ ಏನೋ ಕೆಟ್ಟು ಹತ್ತು ಗಂಟೆಯ ಸ್ಥಿತಿಗೆ ಮರಳಿದರೆ ಆ ಎರಡನೆಯ ಫೈಲನ್ನು ಅಳಿಸಿಹಾಕಿದಂತೆ. ನಡುವೆ ದಾಖಲಾದ ಅಷ್ಟೂ ವೋಚರ್‌ಗಳು ಹೋದವು. ಮರಳದೇ ಹಾಗೇ ಬಿಟ್ಟರೂ ತೊಂದರೆಯೇ. ಆ ಫೈಲ್ ದಿನದಿನಕ್ಕೆ ಬೆಳೆಯುತ್ತ ಡಿಸ್ಕ್ ತುಂಬಿದ ದಿನ ಯಂತ್ರ ನಿಂತುಬಿಡುತ್ತದೆ. ಇನ್ನು ಡಿಸ್ಕೇ ಸುಟ್ಟುಹೋದರೆ ಮೂಲವೂ ಸ್ನ್ಯಾಪ್‌ಶಾಟೂ ಒಟ್ಟಿಗೇ ಹೋಗುತ್ತವೆ. ಅಪ್‌ಡೇಟ್ ಹಾಕುವ ಮೊದಲು ತೆಗೆದು, ಸರಿಯಾಗಿದೆ ಎಂದು ಖಾತ್ರಿಯಾದೊಡನೆ ಅಳಿಸುವುದು ಸ್ನ್ಯಾಪ್‌ಶಾಟಿನ ಸರಿಯಾದ ಬಳಕೆ. ರೇಡ್ ಜೋಡಣೆಯೂ ಬ್ಯಾಕಪ್ ಅಲ್ಲ. ಒಂದು ಡಿಸ್ಕಿನಲ್ಲಿ ಅಳಿಸಿದ ಫೈಲ್ ಅದೇ ಗಳಿಗೆಯಲ್ಲಿ ಇನ್ನೊಂದರಿಂದಲೂ ಅಳಿಯುತ್ತದೆ.

ಬ್ಯಾಕಪ್ ಎಂದರೆ ಬೇರೆ ಯಂತ್ರದಲ್ಲಿ ಇರುವ ಪ್ರತಿ. ಒಂದು ಪ್ರತಿ ಕಚೇರಿಯಲ್ಲೇ ಬೇರೆ ಪೆಟ್ಟಿಗೆಯಲ್ಲಿರಲಿ, ಇನ್ನೊಂದು ಕಚೇರಿಯಿಂದ ಹೊರಗಿರಲಿ. ಪ್ರಾಕ್ಸ್‌ಮಾಕ್ಸಿನ ಜೊತೆಗೆ ಅದರದೇ ಬ್ಯಾಕಪ್ ಸರ್ವರ್ ತಂತ್ರಾಂಶ ಸಿಗುತ್ತದೆ, ಬದಲಾದಷ್ಟನ್ನು ಮಾತ್ರ ಕಳಿಸಿ ಜಾಗ ಉಳಿಸುತ್ತದೆ. ಹೈಪರ್-ವಿ ಬಳಸುವವರಿಗೆ ವೀಮ್‌ನ ಕಮ್ಯುನಿಟಿ ಆವೃತ್ತಿ 10 ಯಂತ್ರಗಳವರೆಗೆ ಉಚಿತ. ಡೆಸ್ಕ್‌ಟಾಪ್ ಬಗೆಯಲ್ಲಿ ವರ್ಚುವಲ್ ಯಂತ್ರವನ್ನು ಪೂರ್ತಿ ಮುಚ್ಚಿ ಅದರ ಫೋಲ್ಡರನ್ನು ಹೊರಗಿನ ಡಿಸ್ಕಿಗೆ ನಕಲಿಸಿದರೂ ಆಯಿತು. ಓಡುತ್ತಿರುವಾಗ ನಕಲಿಸಿದ ಫೈಲನ್ನು ನಂಬುವಂತಿಲ್ಲ.

ಇದು ಕಾನೂನಿನ ಮಾತೂ ಹೌದು. ಕಂಪ್ಯೂಟರಿನಲ್ಲಿ ಲೆಕ್ಕಪತ್ರ ಇಡುವ ಕಂಪನಿಗಳು ಅದರ ಬ್ಯಾಕಪ್ಪನ್ನು ಭಾರತದಲ್ಲೇ ಇರುವ ಸರ್ವರಿನಲ್ಲಿ ಪ್ರತಿದಿನ ಇಡಬೇಕು ಎಂದು 2022ರಲ್ಲಿ ತಿದ್ದುಪಡಿಯಾದ ಕಂಪನಿ ಲೆಕ್ಕಪತ್ರ ನಿಯಮಗಳು ಹೇಳುತ್ತವೆ. ಕಂಪನಿ ಕಾಯ್ದೆಯಡಿ ಲೆಕ್ಕದ ಪುಸ್ತಕಗಳನ್ನು ಎಂಟು ಹಣಕಾಸು ವರ್ಷ ಉಳಿಸಿಕೊಳ್ಳಬೇಕು. ಜಿಎಸ್‌ಟಿ ನೋಂದಣಿ ಇರುವವರು ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ದಿನದಿಂದ 72 ತಿಂಗಳು ಕಾಯ್ದಿಡಬೇಕು.

ಯಾವ ಕ್ರಮದಲ್ಲಿ ಮಾಡಬೇಕು?

ಮೊದಲು ಕಚೇರಿಯಲ್ಲಿರುವ ತಂತ್ರಾಂಶಗಳ ಪಟ್ಟಿ ಮಾಡಿ, ಪ್ರತಿಯೊಂದರ ಮುಂದೆ ಅದನ್ನು ಎಷ್ಟು ಜನ ಬಳಸುತ್ತಾರೆ, ಡಾಂಗಲ್ ಬೇಕೇ, ಲೈಸೆನ್ಸ್ ಯಾವ ಬಗೆಯದು ಎಂದು ಬರೆಯಿರಿ. ಒಬ್ಬರೇ ಬಳಸುವುದನ್ನೂ ಹಲವರು ಬಳಸುವುದನ್ನೂ ಬೇರೆ ಮಾಡಿ. ಸರ್ವರ್ ಬಂದ ಮೇಲೆ ಮೊದಲು ಕಡಿಮೆ ಅಪಾಯದ ಹಾಜರಾತಿ ತಂತ್ರಾಂಶವನ್ನು ಅದಕ್ಕೆ ಸಾಗಿಸಿ. ಎರಡು ವಾರ ಸರಿಯಾಗಿ ಓಡಿದರೆ ಫೈಲುಗಳನ್ನು, ಕೊನೆಗೆ ಟ್ಯಾಲಿಯನ್ನು. ಟ್ಯಾಲಿಯ ಸ್ಥಳಾಂತರವನ್ನು ಮಾರ್ಚ್ ಕೊನೆಗೋ ರಿಟರ್ನ್ ತುಂಬುವ ವಾರಕ್ಕೋ ಇಟ್ಟುಕೊಳ್ಳಬೇಡಿ. ಹಳೆಯ ಪಿಸಿಗಳನ್ನು ಕನಿಷ್ಠ ಒಂದು ತಿಂಗಳು ಅಳಿಸದೆ ಇಟ್ಟಿರಿ. ಸರ್ವರಿನ ಪಾಸ್‌ವರ್ಡುಗಳು ಎಎಂಸಿಯವರ ಬಳಿ ಮಾತ್ರವಲ್ಲ, ಮಾಲೀಕರ ಬಳಿಯೂ ಇರಲಿ.

ಡೆಸ್ಕ್‌ಟಾಪ್ ಬಗೆಯನ್ನು ಆರಿಸಿದರೂ ಸರ್ವರ್ ಬಗೆಯನ್ನು ಆರಿಸಿದರೂ ಮೂರು ತಿಂಗಳಿಗೊಮ್ಮೆ ಒಂದು ಕೆಲಸ ತಪ್ಪದೆ ಮಾಡಿ. ಬ್ಯಾಕಪ್ಪಿನಿಂದ ಯಂತ್ರವನ್ನು ಬೇರೊಂದು ಕಂಪ್ಯೂಟರಿನಲ್ಲಿ ಎಬ್ಬಿಸಿ, ಟ್ಯಾಲಿ ತೆರೆದು, ಕೊನೆಯ ದಿನದ ವೋಚರ್ ಇದೆಯೇ ಎಂದು ಕಣ್ಣಾರೆ ನೋಡಿ. ಹಾಗೆ ಎಬ್ಬಿಸಿ ನೋಡದ ಬ್ಯಾಕಪ್ಪನ್ನು ಬ್ಯಾಕಪ್ ಎಂದು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.